ಎಂಜಿನಿಯರ್ ದೇವಾನಂದನ ನಿಲ್ಲದ ಮೋಟರು

ಜೇವರ್ಗಿಯಲ್ಲಿ ಹುಟ್ಟಿ, ಆಳಂದದಿಂದ ಹೆಣ್ಣು ತಂದು, ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟ ದೇವಾನಂದ ಮೂರೂ ತಾಲ್ಲೂಕಿನ ಜನರನ್ನು ಸಮನಾಗಿ ತುಚ್ಛವಾಗಿ ಕಾಣುತ್ತಿದ್ದ. ಅದರಲ್ಲಿ ಭೇದಭಾವ ಮಾಡಿದನೆಂದು ಅವನನ್ನು ಯಾರೂ ದೂರುವಂತಿಲ್ಲ. ರೈತರಿಗೆ ಬುದ್ಧಿಯಿಲ್ಲ, ಲೈನ್‌ಮನ್‌ಗಳಿಗೆ ಓದಿಲ್ಲ, ವ್ಯಾಪಾರಿಗಳಿಗೆ ರುಚಿಯಿಲ್ಲ, ಉಳಿದವರಿಗೆ ಇದು ಯಾವುದೂ ಇಲ್ಲ. ನಾಲ್ಕು ವರ್ಷದ ಬಿ.ಇ.ಯನ್ನು ಆರು ವರ್ಷ ಓದಿದ್ದ. ಯಾರಾದರೂ ಅದನ್ನು ಎತ್ತಿದರೆ, ಎರಡು ವರ್ಷ ಹೆಚ್ಚು ಓದಿದವನಿಗೆ ಎರಡು ವರ್ಷ ಹೆಚ್ಚು ತಿಳಿದಿರುತ್ತದೆ ಎನ್ನುತ್ತಿದ್ದ. ಇಂಥವನಿಗೆ ಉತ್ತರ ಕೊಡುವುದಾದರೂ ಹೇಗೆ!

ಅವನು ತಯಾರಿಸುತ್ತಿದ್ದುದು ಒಂದು ಡಬ್ಬಿ. ಬೋರ್‌ವೆಲ್ಲಿನ ಮೋಟರಿಗೆ ಅದನ್ನು ಜೋಡಿಸಿದರೆ, ಮನೆಯಲ್ಲಿ ಕೂತು ಫೋನು ಹಚ್ಚಿದರೆ ಮೋಟರು ಶುರುವಾಗುತ್ತದೆ, ಮತ್ತೆ ಹಚ್ಚಿದರೆ ನಿಲ್ಲುತ್ತದೆ, ಬಾವಿಯ ನೀರು ತಳ ಸೇರಿದರೆ ತಾನಾಗಿಯೇ ನಿಲ್ಲುತ್ತದೆ. ಒಳ್ಳೆಯ ವಸ್ತು, ಸುಳ್ಳು ಹೇಳಬಾರದು. ಈ ಸೀಮೆಗೆ ಅದು ಬೇಕಾಗಿಯೂ ಇತ್ತು. ಇಲ್ಲಿ ಕರೆಂಟು ತನಗೆ ಮನಸ್ಸಾದಾಗ ಬರುತ್ತದೆ. ಅದು ಬಂದಾಗ ಓಡಿಹೋಗಿ ಸ್ಟಾರ್ಟರು ಒತ್ತುವವರು ಯಾರು? ಅದಕ್ಕೆ ನಮ್ಮವರು ಹಸಿರು ಗುಂಡಿಯನ್ನು ಒತ್ತಿ, ಅದು ಮೇಲೇಳದಂತೆ ಸಂದಿಯಲ್ಲಿ ಒಂದು ಬೆಂಕಿಕಡ್ಡಿ ಸಿಗಿಸಿ ಮನೆಗೆ ಹೋಗಿಬಿಡುತ್ತಾರೆ. ಕರೆಂಟು ಬಂದ ಕೂಡಲೇ ಮೋಟರು ಓಡುತ್ತದೆ. ನೀರಿದ್ದರೆ ನೀರು, ಇಲ್ಲದಿದ್ದರೆ ಹೊಗೆ. ಈ ಕಡ್ಡಿಯ ಮೇಲೆ ದೇವಾನಂದನಿಗೆ ಎಂಥ ಸಿಟ್ಟೆಂದರೆ, ಡಬ್ಬಿ ಮಾರಲು ಹೋದ ಊರಲ್ಲೆಲ್ಲ ಮೊದಲು ಹತ್ತು ನಿಮಿಷ ಕಡ್ಡಿ ಸಿಗಿಸುವವರ ಬುದ್ಧಿಯನ್ನು ಬಯ್ದು, ಆಮೇಲೆ ಡಬ್ಬಿಯನ್ನು ಹೊರಗೆ ತೆಗೆಯುತ್ತಿದ್ದ. ಕೇಳುತ್ತ ಕೂತವರೆಲ್ಲ ಕಡ್ಡಿ ಸಿಗಿಸಿದವರೇ. ತಲೆ ಕೆಳಗೆ ಹಾಕಿ ಡಬ್ಬಿ ಕೊಳ್ಳುತ್ತಿದ್ದರು.

ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರೇ. ಪ್ರೋಗ್ರಾಮು ಬರೆಯುವವನು ದೇವಾನಂದ. ಬೋರ್ಡಿಗೆ ಬೆಸುಗೆ ಹಾಕಿ, ಡಬ್ಬಿ ಕಟ್ಟಿ, ಪರೀಕ್ಷೆ ಮಾಡುವವಳು ವಜೀರುನ್ನಿಸಾ. ನಲವತ್ತೈದು ದಾಟಿದ ಹೆಂಗಸು, ಮೊದಲು ರೇಡಿಯೋ ರಿಪೇರಿ ಅಂಗಡಿಯಲ್ಲಿ ಗಂಡನ ಜೊತೆ ಕೂತು ಕೈ ಪಳಗಿಸಿಕೊಂಡವಳು. ದೇವಾನಂದ ಅವಳನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ, ಆಳೆಂದು ನಡೆಸಿಕೊಳ್ಳುತ್ತಿದ್ದ. ಅವಳ ಮೇಜಿನ ಮೇಲೆ ಮೋಟರಿನ ಬದಲು ಒಂದು ಬಲ್ಬು, ಬಾವಿಯ ಬದಲು ಒಂದು ಸ್ಟೀಲಿನ ಲೋಟ. ಲೋಟದ ನೀರನ್ನು ಚೆಲ್ಲಿದರೆ ಬಲ್ಬು ಆರಬೇಕು. ಆರಿದರೆ ಡಬ್ಬಿ ಪಾಸು.

ಈಗ ಕಥೆಗೆ ಕಾರಣವಾದ ಅವಿವೇಕಕ್ಕೆ ಬರೋಣ. ಡಬ್ಬಿ ಪ್ರತಿ ಸಲವೂ ಗಿರಾಕಿಯ ಫೋನಿಗೆ ಒಂದು ಸಂದೇಶ ಕಳಿಸುತ್ತಿತ್ತು. ಮೋಟರು ಶುರುವಾಗಿದೆ, ಮೋಟರು ನಿಂತಿದೆ, ಅಷ್ಟೇ. ದೇವಾನಂದನಿಗೆ ಅದು ಬೋಳುಬೋಳು ಎನಿಸಿತು. ಸಂದೇಶದ ಮೊದಲಿಗೆ ನಮಸ್ಕಾರ, ಕೊನೆಗೆ ತನ್ನ ಹೆಸರು, ಹೆಸರಿನ ಮುಂದೆ ಎಂಜಿನಿಯರ್, ಹಿಂದೆ ಬಿ.ಇ., ಹಬ್ಬದ ದಿನ ಹಬ್ಬದ ಶುಭಾಶಯ, ಇದನ್ನೆಲ್ಲ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸೇರಿಸಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಡಬ್ಬಿಯೊಳಗೆ ಪ್ರೋಗ್ರಾಮು ನಡೆಸುವುದು ಒಂದು ಅಗ್ಗದ ಪುಟ್ಟ ಕಂಪ್ಯೂಟರ್ ಚಿಪ್ಪು, ಅದರಲ್ಲಿ ಇಷ್ಟೆಲ್ಲ ಹಿಡಿಯಲಿಲ್ಲ.

ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ತಿಳಿಯುವ ಭಾಷೆಗೆ ಇಳಿಸಿಕೊಡುವುದಕ್ಕೆ ಕಂಪೈಲರ್ ಎಂಬ ತಂತ್ರಾಂಶವಿದೆ. ಇದ್ದುದನ್ನು ಇದ್ದಂತೆ ಇಳಿಸು ಎಂದರೆ ಇಳಿಸುತ್ತದೆ. ಚಿಕ್ಕದು ಮಾಡಿ ಚುರುಕು ಮಾಡಿ ಇಳಿಸು ಎಂದರೆ, ಅನವಶ್ಯಕ ಎನಿಸಿದ್ದನ್ನೆಲ್ಲ ಕಿತ್ತುಹಾಕಿ ಇಳಿಸುತ್ತದೆ. ಆಪ್ಟಿಮೈಸೇಶನ್ ಎನ್ನುವುದು ಇದಕ್ಕೇ. ದೇವಾನಂದ ಅದನ್ನು ಹಚ್ಚಿದ. ಸಾಲದೆಂದು, ವಜೀರುನ್ನಿಸಾ ಪರೀಕ್ಷೆಗೆ ಕಣ್ಣಿಟ್ಟು ನೋಡುತ್ತಿದ್ದ ಪುಟ್ಟ ಹಸಿರು ದೀಪವನ್ನು ಮಿಣುಕಿಸುವ ಸಾಲನ್ನೂ ಅಳಿಸಿದ. ಎಲ್ಲ ಹಿಡಿಯಿತು. ಮತ್ತೊಮ್ಮೆ ಲೋಟದ ಪರೀಕ್ಷೆ ಮಾಡೋಣವೇ ಎಂದು ಆಪಾ ಕೇಳಿದಳು. ಹೆಸರು ಸೇರಿಸಿದರೆ ಮೋಟರು ಕೆಡುತ್ತದೇನು ಎಂದು ನಕ್ಕು, ದೇವಾನಂದ ಆ ಹೊಸ ಪ್ರೋಗ್ರಾಮಿನ ಮೊದಲ ಡಬ್ಬಿಯನ್ನು ನಿಂಬರ್ಗಾದಾಚೆಯ ಒಂದು ಹಳ್ಳಿಯ ಪಂಚಾಯ್ತಿಗೆ ಕೊಂಡೊಯ್ದು ಕುಡಿಯುವ ನೀರಿನ ಬೋರಿಗೆ ತಾನೇ ಜೋಡಿಸಿ ಬಂದ.

ಆ ಊರಿಗೆ ನೀರು ಬಿಡುವವನು ಮಲ್ಕಪ್ಪ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಯಾವ ಓಣಿಗೆ ಎಷ್ಟು ಹೊತ್ತು ಬಿಡಬೇಕು, ಯಾವ ವಾಲ್ವು ಎಷ್ಟು ಸುತ್ತು ತಿರುಗಿಸಬೇಕು ಎಂಬುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವವನು. ಡಬ್ಬಿ ಹಚ್ಚಿದ ಮರುದಿನವೇ ಅವನು ದೇವಾನಂದನಿಗೆ ಫೋನು ಮಾಡಿ, ಮೋಟರು ಶುರುವಾಗುತ್ತದೆ, ನಿಲ್ಲಿಸಲು ಹೋದರೆ ನಿಲ್ಲುವುದಿಲ್ಲ ಎಂದ. ದೇವಾನಂದ ಎದುರಿಗೆ ಕೂತ ಗಿರಾಕಿಗೂ ಕೇಳಲೆಂದು ಸ್ಪೀಕರ್ ಹಾಕಿ, ನಂಬರು ಸರಿಯಾಗಿ ಒತ್ತುವುದನ್ನು ಮೊಮ್ಮಕ್ಕಳ ಹತ್ತಿರ ಕಲಿ ಎಂದ. ಮೂರನೆಯ ದಿನ ಮತ್ತೆ ಫೋನು. ಐದನೆಯ ದಿನ ಮತ್ತೆ. ಆಮೇಲೆ ಮಲ್ಕಪ್ಪ ಫೋನು ಮಾಡುವುದನ್ನು ಬಿಟ್ಟು, ಮೊದಲಿನಂತೆ ನಡೆದುಹೋಗಿ ಮೇನ್ ಸ್ವಿಚ್ಚು ಇಳಿಸತೊಡಗಿದ. ಅವನು ಹೋಗುವುದು ತಡವಾದ ದಿನ ಕರೆಂಟೇ ಹೋಗಿ ಮೋಟರು ನಿಲ್ಲುತ್ತಿತ್ತು. ಕರೆಂಟು ಹೋಗಿ ಬಂದರೆ ಡಬ್ಬಿಗೂ ಹೊಸ ಜನ್ಮ, ಮತ್ತೆ ಮೊದಲಿನಿಂದ ಶುರು.

ಒಂಬತ್ತನೆಯ ದಿನ ಆ ದಾರಿಯಲ್ಲಿ ಯಾರೋ ಮಂತ್ರಿ ಹಾದುಹೋಗುವವರಿದ್ದರು. ಮಂತ್ರಿಯ ಕಾರಿಗೂ ಹಳ್ಳಿಯ ಬೋರಿಗೂ ಏನು ಸಂಬಂಧವೋ, ಆ ದಿನ ಮಾತ್ರ ಕರೆಂಟು ಹೋಗಲೇ ಇಲ್ಲ. ಮಲ್ಕಪ್ಪ ಊರಿನ ಆ ತುದಿಯಲ್ಲಿ ಒಡೆದ ಪೈಪಿಗೆ ರಬ್ಬರು ಸುತ್ತುತ್ತ ಕೂತಿದ್ದ. ಅಲ್ಲಿಂದಲೇ ನಾಲ್ಕು ಸಲ ಫೋನು ಹಚ್ಚಿದ, ಮೋಟರು ನಿಲ್ಲಲಿಲ್ಲ. ಎದ್ದು ಓಡಿದ. ಅವನು ಮುಟ್ಟುವಷ್ಟರಲ್ಲಿ ಬೋರು ಬತ್ತಿ, ಮೋಟರು ಒಣಗಿ ಓಡಿ ಸುಟ್ಟುಹೋಗಿತ್ತು.

ಪಂಚಾಯ್ತಿಯವರು ಕರೆಸಿದ್ದಕ್ಕೆ ದೇವಾನಂದ ಹೋಗಿ ನೋಡಿದ. ನೋಡಿದ ಎಂದೆನೇ? ಪಂಪ್‌ಹೌಸಿನ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. ಸ್ಟಾರ್ಟರಿನ ಕೆಳಗೆ ನೆಲದ ಮೇಲೆ ಒಂದು ಬೆಂಕಿಕಡ್ಡಿ ಬಿದ್ದಿತ್ತು. ಅವನಿಗೆ ಅಷ್ಟು ಸಾಕಾಯಿತು. ಅಲ್ಲೇ ಕೂತು ಬರೆದುಕೊಟ್ಟ: ಸದರಿ ಮಲ್ಕಪ್ಪ ಇವರು ಸ್ಟಾರ್ಟರಿಗೆ ಕಡ್ಡಿ ಸಿಗಿಸಿದ್ದರಿಂದ ಮೋಟರು ಸುಟ್ಟಿರುತ್ತದೆ, ನಮ್ಮ ಯಂತ್ರದಲ್ಲಿ ಯಾವುದೇ ದೋಷ ಇರುವುದಿಲ್ಲ. ಕೆಳಗೆ ಸಹಿ, ಸಹಿಯ ಕೆಳಗೆ ಬಿ.ಇ. ಡಬ್ಬಿಯನ್ನು ಬಿಚ್ಚಿಕೊಂಡು ಬಸ್ಸು ಹತ್ತಿದ. ಬರುವ ಸೋಮವಾರದ ಸಭೆಯಲ್ಲಿ ಮಲ್ಕಪ್ಪನನ್ನು ಕೆಲಸದಿಂದ ತೆಗೆಯುವುದೆಂದು ಊರಲ್ಲಿ ಮಾತಾಯಿತು.

ಗುರುವಾರ ಮುಂಜಾನೆ ಮಲ್ಕಪ್ಪ ಅಫಜಲಪುರದ ಅಂಗಡಿಗೆ ಬಂದ. ಎರಡು ಬಸ್ಸು ಬದಲಿಸಿ ಬಂದವನಿಗೆ ದೇವಾನಂದ ಕೂರು ಎನ್ನಲಿಲ್ಲ. ಅವನೂ ಅಳಲಿಲ್ಲ, ಕಾಲು ಹಿಡಿಯಲಿಲ್ಲ.

“ನಾ ಕಡ್ಡಿ ಸಿಗಿಸಿಲ್ರಿ ಸಾಹೇಬ್ರ. ಬೀಡಿ ಹಚ್ಚಿ ಒಗದ ಕಡ್ಡಿ ಅದು,” ಎಂದ. “ಇಪ್ಪತ್ತೆರಡು ವರ್ಷದಾಗ ನಾ ಸುಳ್ಳ ಹೇಳ್ತೀನಂತ ಊರಾಗ ಯಾರೂ ಅಂದಿದ್ದಿಲ್ಲ. ನಿಮ್ಮ ಡಬ್ಬಿ ಒಮ್ಮಿ ನೋಡ್ರಿ.”

ಕಳ್ಳರೆಲ್ಲ ಹೀಗೇ ಗಂಭೀರವಾಗಿ ಮಾತಾಡುತ್ತಾರೆ ಎಂದುಕೊಂಡ ದೇವಾನಂದ. ಹವಳಗಾದ ಕಬ್ಬಿನ ಹೊಲಗಳಲ್ಲಿ ತನ್ನ ನಲವತ್ತು ಡಬ್ಬಿಗಳು ತುಟಿಪಿಟಕ್ಕೆನ್ನದೆ ದುಡಿಯುತ್ತಿವೆ, ಅವಕ್ಕಿಲ್ಲದ ರೋಗ ಇದಕ್ಕೊಂದಕ್ಕೇ ಬಂತೇ ಎಂದು ಕೇಳಿದ. ಆ ನಲವತ್ತರಲ್ಲಿ ಹಳೆಯ ಪ್ರೋಗ್ರಾಮು ಇದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಹೊಳೆದದ್ದು ವಜೀರುನ್ನಿಸಾಗೆ. ಅವಳು ಎದ್ದು ಹೋಗಿ ಆ ಡಬ್ಬಿಯನ್ನು ತನ್ನ ಮೇಜಿಗೆ ತಂದು, ಬಲ್ಬಿಗೆ ಜೋಡಿಸಿ, ಫೋನು ಹಚ್ಚಿ ಬಲ್ಬು ಹೊತ್ತಿಸಿದಳು. ಲೋಟದ ನೀರನ್ನು ಬಾಗಿಲಾಚೆ ಚೆಲ್ಲಿದಳು. ಬಲ್ಬು ಆರಲಿಲ್ಲ. ಫೋನು ಹಚ್ಚಿದಳು. ಆರಲಿಲ್ಲ. ಮತ್ತೆ ಹಚ್ಚಿದಳು, ಮಲ್ಕಪ್ಪ ಬಲ್ಬನ್ನೇ ನೋಡುತ್ತ ನಿಂತಿದ್ದ.

“ಡಬ್ಬಿ ಒಳಗ ಎಲ್ಲೋ ಸಿಕ್ಕೊಂಡು ನಿಂತದ ಸರ್,” ಎಂದಳು.

ಕಾವಿಗೆ ಬೋರ್ಡು ಕೆಟ್ಟಿರಬೇಕು ಎಂದು ದೇವಾನಂದ ತಳ್ಳಿಹಾಕಿದ. ಮೋಟರು ಸುಟ್ಟ ಕಾವು, ಅದನ್ನು ಸುಟ್ಟವನು ಮಲ್ಕಪ್ಪ, ಆದ್ದರಿಂದ ಡಬ್ಬಿ ಕೆಟ್ಟದ್ದಕ್ಕೂ ಅವನೇ ಹೊಣೆ ಎಂದು ಒಂದು ತರ್ಕವನ್ನೂ ಕಟ್ಟಿದ. ಮಲ್ಕಪ್ಪ ಸೋಮವಾರ ಸಭೆ ಇದೆ ಎಂದಷ್ಟೇ ಹೇಳಿ ಹೊರಟುಹೋದ.

ಅವನು ಹೋದ ಮೇಲೆ ವಜೀರುನ್ನಿಸಾ ಹೊಚ್ಚ ಹೊಸ ಬೋರ್ಡೊಂದನ್ನು ತೆಗೆದು, ಅದೇ ಪ್ರೋಗ್ರಾಮನ್ನು ಇದರಲ್ಲಿ ಹಾಕಿಕೊಡಿ ಎಂದಳು. ಹಾಕಿದ, ಅವಳ ಬಾಯಿ ಮುಚ್ಚಿಸಲೆಂದೇ ಹಾಕಿದ. ಕಾವು ತಾಗದ, ಮಲ್ಕಪ್ಪ ಮುಟ್ಟದ ಆ ಬೋರ್ಡೂ ಬಲ್ಬನ್ನು ಆರಿಸಲಿಲ್ಲ.

ಈಗ ಎಂಜಿನಿಯರ್ ಸಾಹೇಬರಿಗೆ ಬೆವರಿಳಿಯಿತು. ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ತಿಳಿಯಲು, ಅಳಿಸಿದ್ದ ಹಸಿರು ದೀಪದ ಸಾಲನ್ನು ಮತ್ತೆ ಸೇರಿಸಿದ. ನೀರು ಚೆಲ್ಲಿದರು, ಬಲ್ಬು ಪಟ್ಟನೆ ಆರಿತು! ಸರಿಹೋಯಿತೆಂದು ಆ ಸಾಲನ್ನು ತೆಗೆದ. ಆರಲಿಲ್ಲ. ಸೇರಿಸಿದರೆ ಆರುತ್ತದೆ, ತೆಗೆದರೆ ಇಲ್ಲ. ಏನಾಗುತ್ತಿದೆ ಎಂದು ನೋಡಹೋದರೆ ಸುಸೂತ್ರ, ಬೆನ್ನು ತಿರುಗಿಸಿದರೆ ಕೆಟ್ಟಿತು. ಮಧ್ಯಾಹ್ನದವರೆಗೆ ಅದನ್ನೇ ಮಾಡಿದ. ಚಿಪ್ಪು ಮಾರಿದವನನ್ನು ಬಯ್ದ. ಚಿಪ್ಪು ಮಾಡಿದ ದೇಶವನ್ನು ಬಯ್ದ. ಆಪಾಳ ಬೆಸುಗೆಯನ್ನು ಬಯ್ದ. ಅವಳು ಲೋಟಕ್ಕೆ ನೀರು ತುಂಬುತ್ತ, ಚೆಲ್ಲುತ್ತ ಕೂತಳು.

ಶುಕ್ರವಾರ, ಬೇರೆ ದಾರಿ ಕಾಣದೆ, ಕಂಪೈಲರ್ ಚಿಪ್ಪಿಗೆಂದು ಇಳಿಸಿಕೊಟ್ಟಿದ್ದ ಸಾಲುಗಳನ್ನೇ ಒಂದೊಂದಾಗಿ ಓದಲು ಕೂತ. ಈ ಕೆಲಸದಲ್ಲಿ ಅವನು ದಡ್ಡನಲ್ಲ, ಅದನ್ನು ಒಪ್ಪಬೇಕು. ಸಂಜೆ ನಾಲ್ಕಕ್ಕೆ ಸಿಕ್ಕಿತು. ಅವನು ಬರೆದದ್ದು ಹೀಗೆ: ‘ನಿಲ್ಲು’ ಎಂಬ ಗುರುತು ಬಂದಿದೆಯೇ ನೋಡು, ಬಂದಿರದಿದ್ದರೆ ಮತ್ತೆ ನೋಡು, ಬರುವವರೆಗೂ ನೋಡುತ್ತಿರು. ನೀರು ಬತ್ತಿದರೂ ಫೋನು ಬಂದರೂ ಆ ಗುರುತು ಬೀಳುವುದು ಪ್ರೋಗ್ರಾಮಿನ ಬೇರೆ ಮೂಲೆಯಿಂದ. ಕಂಪೈಲರ್ ನೋಡಿತು: ಇಲ್ಲಿ ಈ ಗುರುತನ್ನು ಯಾರೂ ಬದಲಿಸುತ್ತಿಲ್ಲ, ಬದಲಾಗದ್ದನ್ನು ಸಾವಿರ ಸಲ ನೋಡುವುದೇಕೆ, ಒಮ್ಮೆ ನೋಡಿದರೆ ಸಾಕು. ಒಮ್ಮೆ ನೋಡುವುದು, ಇಲ್ಲ ಎಂದು ತೀರ್ಮಾನಿಸುವುದು, ಆಮೇಲೆ ನಿಂತಲ್ಲೇ ಗಿರಗಿರ ತಿರುಗುವುದು. ಬಾಗಿಲಿಗೆ ನೆಂಟರು ಬಂದಿದ್ದಾರೆಯೇ ನೋಡು ಎಂದರೆ, ಒಮ್ಮೆ ಇಣುಕಿ ಬಂದು ಸಂಜೆಯವರೆಗೂ ಬರಲಿಲ್ಲ, ಬರಲಿಲ್ಲ ಎನ್ನುವ ಆಳಿನ ಹಾಗೆ. ಹಸಿರು ದೀಪದ ಸಾಲು ಇದ್ದಾಗ ಮಾತ್ರ, ನಡುವೆ ಹೊರಗಿನ ಕೆಲಸ ನಡೆದಿದೆ, ಗುರುತು ಬದಲಾಗಿರಬಹುದು ಎಂದು ಅದು ಪ್ರತಿ ಸಲ ಹೋಗಿ ನೋಡುತ್ತಿತ್ತು.

ದೇವಾನಂದ ಹಿಗ್ಗಿಹೋದ. ತಪ್ಪು ಕಂಪೈಲರಿನದು! ಜಗತ್ತೆಲ್ಲ ಬಳಸುವ ಕಂಪೈಲರಿನಲ್ಲಿ ಅಫಜಲಪುರದ ತಾನು ತಪ್ಪು ಹಿಡಿದಿದ್ದೇನೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನು ಅದನ್ನು ಇಂಗ್ಲಿಷಿನಲ್ಲಿ ಅಂದ. ಆ ಕಂಪೈಲರ್ ಬಳಸುವವರು ಚರ್ಚೆ ಮಾಡುವ ಜಾಲತಾಣದಲ್ಲಿ ಎರಡು ಪುಟ ಬರೆದು ಹಾಕಿ, ಉತ್ತರದಲ್ಲಿ ಬರುವ ಕ್ಷಮಾಪಣೆಗೆ ಶನಿವಾರ ಮುಂಜಾನೆಯಿಂದ ಕಾದ.

ಯಾವ ದೇಶದವನೋ, ಎರಡು ಸಾಲು ಉತ್ತರಿಸಿದ್ದ. ಹೊರಗಿನಿಂದ ಬದಲಾಗುವ ಗುರುತಿಗೆ ವೊಲಟೈಲ್ ಎಂಬ ಪದ ಹಚ್ಚಬೇಕು, ಹಚ್ಚಿದರೆ ಕಂಪೈಲರ್ ಪ್ರತಿ ಸಲ ಹೋಗಿ ನೋಡುತ್ತದೆ. ನೀವು ಹಚ್ಚಿಲ್ಲ, ಕಂಪೈಲರಿನಲ್ಲಿ ದೋಷವಿಲ್ಲ. ಅಷ್ಟೇ. ಇಂಥದ್ದನ್ನು ಹೊಸಬರು ಕಲಿಯುವ ಪಾಠದಲ್ಲೇ ಹೇಳಿರುತ್ತಾರೆ ಎಂದು ಇನ್ನೊಬ್ಬ ಅದರ ಕೆಳಗೆ ಸೇರಿಸಿದ್ದ. ಆರು ವರ್ಷ ಓದಿದವನು ಆ ಒಂದು ಪದವನ್ನು ಬರೆದ. ನೀರು ಚೆಲ್ಲಿದರು. ಬಲ್ಬು ಆರಿತು. ಹತ್ತು ಸಲ ಚೆಲ್ಲಿದರು, ಹತ್ತು ಸಲವೂ ಆರಿತು.

ಅವನು ಆಮೇಲೆ ಏನು ಯೋಚಿಸಿದ ಎಂಬುದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವಷ್ಟು ದೊಡ್ಡ ಮನುಷ್ಯನೇನಲ್ಲ. ಸುಮ್ಮನೆ ಹೊಸ ಪ್ರೋಗ್ರಾಮು ಹಾಕಿ ಹೊಸ ಡಬ್ಬಿ ಎಂದು ಕೊಟ್ಟರಾಯಿತು. ಮಲ್ಕಪ್ಪನಿಗೆ ಹೇಗೂ ವಯಸ್ಸಾಗಿದೆ. ಬರೆದುಕೊಟ್ಟದ್ದನ್ನು ತಾನೇ ಅಲ್ಲವೆಂದರೆ ನಾಳೆ ಈ ಮೂರು ತಾಲ್ಲೂಕಿನಲ್ಲಿ ಯಾವ ಪಂಚಾಯ್ತಿ ತನ್ನನ್ನು ಬಾಗಿಲೊಳಗೆ ಬಿಟ್ಟುಕೊಂಡೀತು? ಅವನು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ವಜೀರುನ್ನಿಸಾ ಅವನ ಮುಖವನ್ನು ಏಳು ವರ್ಷದಿಂದ ಓದಿದವಳು.

“ಸೋಮವಾರ ಅಲ್ಲಿಗಿ ನೀವು ಹೋಗ್ತೀರೇನ್ ಸರ್, ನಾ ಹೋಗ್ಲಿ?” ಎಂದಳು, ಲೋಟ ಒರೆಸುತ್ತ.

ಹಾಗಾಗಿ ಹೋದ. ಧರ್ಮಕ್ಕೆ ಹೋದನೆಂದು ಯಾರೂ ತಿಳಿಯಬೇಡಿ. ಅವಳು ಹೋಗಿ ಹೇಳಿದರೆ ಇನ್ನೂ ಕೆಡುತ್ತದೆಂದು ಹೋದ.

ಆ ಪಂಚಾಯ್ತಿಗೆ ಅಧ್ಯಕ್ಷೆ ಸುಭದ್ರಾಬಾಯಿ. ಕುರ್ಚಿ ಅವಳದು, ಮಾತು ಅವಳ ಗಂಡ ಜಗದೇವಪ್ಪನದು. ಆಕೆ ಸೆರಗು ಹೊದ್ದು ಕುರ್ಚಿಯಲ್ಲಿ ಕೂತಿದ್ದರೆ, ಜಗದೇವಪ್ಪ ಪಕ್ಕದಲ್ಲಿ ನಿಂತು ಸಭೆ ನಡೆಸುತ್ತಿದ್ದ. ಮಲ್ಕಪ್ಪ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ. ದೇವಾನಂದ ಮೇಜಿನ ಮೇಲೆ ಬಲ್ಬು, ಲೋಟ, ಡಬ್ಬಿ ಇಟ್ಟು, ಮೊದಲು ಕೆಟ್ಟ ಪ್ರೋಗ್ರಾಮು, ಆಮೇಲೆ ಸರಿಯಾದದ್ದು, ಎರಡನ್ನೂ ತೋರಿಸಿದ. ಆಪ್ಟಿಮೈಸೇಶನ್ ಎಂದ, ಕಂಪೈಲರ್ ಎಂದ. ಇಂಗ್ಲಿಷು ಹೆಚ್ಚಾದಷ್ಟೂ ಸದಸ್ಯರು ಗೌರವದಿಂದ ತಲೆಯಾಡಿಸಿದರು. ಒಬ್ಬನಿಗೂ ಒಂದಕ್ಷರ ತಲೆಗೆ ಹತ್ತಲಿಲ್ಲ ಎಂಬುದು ಅವನಿಗೆ ಕಂಡಿತು. ಅಲ್ಲಿಗೇ ನಿಲ್ಲಿಸಿ ಕೂತುಬಿಡಬಹುದಿತ್ತು. ಆದರೆ ಬಾಗಿಲ ಬಳಿಯ ಮನುಷ್ಯ ತನ್ನನ್ನೇ ನೋಡುತ್ತಿದ್ದ. ಬದುಕಿನಲ್ಲಿ ಮೊದಲ ಸಲ ದೇವಾನಂದನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಕಡ್ಡಿ ಸಿಗಿಸಿಲ್ರಿ ಅಂವ. ಪ್ರೋಗ್ರಾಮು ನಾನೇ ತಪ್ಪು ಬರದಿದ್ದೆ. ಅಂವ ಮೂರು ಸಲ ಫೋನ್ ಮಾಡಿ ಹೇಳ್ಯಾನ, ನಾ ಕೇಳಿಲ್ಲ. ತಪ್ಪು ನಂದು.”

ಜಗದೇವಪ್ಪ ಅವನನ್ನು ಒಂದು ಗಳಿಗೆ ನೋಡಿ, ಎರಡೂ ಕೈ ಜೋಡಿಸಿದ.

“ನೋಡ್ರಪಾ, ಓದಿದವ್ರ ದೊಡ್ಡಗುಣ ಅಂದ್ರ ಇದು,” ಎಂದ. “ಬಡವನ ಹೊಟ್ಟಿ ಮ್ಯಾಲ ಹೊಡಿಬಾರ್ದಂತ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡ್ರು. ಈ ಕಾಲದಾಗ ಯಾರ್ ಮಾಡ್ತಾರ?”

ಸದಸ್ಯರು ಹೌದೌದು ಎಂದರು. ಹಾಗಲ್ಲ, ನಿಜವಾಗಿಯೂ ತಪ್ಪು ತನ್ನದೇ ಎಂದು ದೇವಾನಂದ ಎದ್ದು ನಿಂತು ಇನ್ನೊಮ್ಮೆ ಹೇಳಿದ. ಇನ್ನಷ್ಟು ಮೆಚ್ಚಿಕೊಂಡರು. ಧ್ವನಿ ಏರಿಸಿ ಹೇಳಿದ. ಹಿರಿಯ ಸದಸ್ಯನೊಬ್ಬ ಕಣ್ಣೊರೆಸಿಕೊಂಡ. ಸುಭದ್ರಾಬಾಯಿ ಮಾತ್ರ ಮಲ್ಕಪ್ಪನ ಕಡೆ ನೋಡಿ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗಂಡ, ಕಳೆದ ವಾರ ಬಂದ ಯಾವುದೋ ಅಧಿಕಾರಿಗೆಂದು ತಂದು ಉಳಿದಿದ್ದ ಶಾಲನ್ನು ಕಪಾಟಿನಿಂದ ತೆಗೆಸಿ ಅವಳ ಕೈಗಿಟ್ಟ. ಅವಳು ಅದನ್ನು ದೇವಾನಂದನಿಗೆ ಹೊದಿಸಿದಳು. ಚಪ್ಪಾಳೆಯೂ ಆಯಿತು. ಠರಾವು ಹೀಗೆ ಬರೆಯಲಾಯಿತು: ಎಂಜಿನಿಯರ್ ಸಾಹೇಬರ ಕೋರಿಕೆಯ ಮೇರೆಗೆ, ಸದರಿ ಮಲ್ಕಪ್ಪನಿಗೆ ಕೊನೆಯ ಎಚ್ಚರಿಕೆ ನೀಡಿ ಕೆಲಸದಲ್ಲಿ ಮುಂದುವರಿಸಲಾಗಿದೆ.

ಊರಿಗೆಲ್ಲ ಬುದ್ಧಿಯಿಲ್ಲವೆಂದು ಬಯ್ಯುತ್ತ ಬಂದವನಿಗೆ ಊರು ಕೊಟ್ಟ ಮರ್ಯಾದೆ ಇದು. ಅವನು ಹೊರಗೆ ಬಂದಾಗ ಮಲ್ಕಪ್ಪ ಕಟ್ಟೆಯ ಕೆಳಗೆ ಚಪ್ಪಲಿ ಮೆಟ್ಟುತ್ತಿದ್ದ. ದೇವಾನಂದ ಹತ್ತಿರ ಹೋಗಿ, ನಾನು ಹೇಳಿದೆನಲ್ಲ, ನೀನೇ ಕೇಳಿದೆಯಲ್ಲ ಎಂದ.

“ಹೇಳಿದ್ರಿ, ಖರೇನೇ ಹೇಳಿದ್ರಿ,” ಎಂದ ಮಲ್ಕಪ್ಪ. “ಹೆಸರು ನಿಮಗ ಬಂತು. ತಪ್ಪು ನನ್ನ ಕಡೀನೇ ಉಳೀತು.”

ಅಷ್ಟು ಹೇಳಿ ವಾಲ್ವಿನ ಕಡೆ ನಡೆದ. ಮೇಲಿನ ಓಣಿಗೆ ನೀರು ಬಿಡುವ ಹೊತ್ತಾಗಿತ್ತು. ದೇವಾನಂದ ಶಾಲನ್ನು ತೆಗೆಯಲು ಕೈ ಎತ್ತಿದ. ಕಟ್ಟೆಯ ಮೇಲಿಂದ ಜಗದೇವಪ್ಪನೂ ಸದಸ್ಯರೂ ನೋಡುತ್ತಿದ್ದರು. ತೆಗೆದರೆ ಅದೂ ವಿನಯವೆಂದು ಇನ್ನೊಂದು ಸುತ್ತು ಹೊಗಳುತ್ತಾರೆ ಎಂದು ಹಾಗೇ ಬಿಟ್ಟ.